ಹೆಪ್ಪುಗಟ್ಟಿದ ಎಣ್ಣೆಗೆ ಬಿಸಿ ಮುಟ್ಟಿಸುವುದು ಹೇಗೆ?

ಡಿಸೆಂಬರ್ ತಿಂಗಳ ಬೆಳಿಗ್ಗೆ ತುರುವೇಕೆರೆ ಕಡೆಯ ನಮ್ಮ ಮನೆಯ ಬಚ್ಚಲ ಗೂಡಿನಲ್ಲಿ ಕೊಬ್ಬರಿ ಎಣ್ಣೆಯ ಬಾಟಲಿ ಬೆಳ್ಳಗೆ ಹೆಪ್ಪುಗಟ್ಟಿ ಕೂತಿರುತ್ತಿತ್ತು. ನಾನು ಅದನ್ನು ಬಿಸಿನೀರಿನ ಚೊಂಬಿಗೆ ಇಳಿಬಿಡುತ್ತಿದ್ದೆ. ಗಾಜಿಗೆ ತಾಗಿದ ಎಣ್ಣೆ ಬೇಗ ತಿಳಿಯಾಗುತ್ತಿತ್ತು. ನಡುವಿನ ಬಿಳಿ ಗಡ್ಡೆ ಮಾತ್ರ ಜಾರಿ ತಳಕ್ಕೆ ಕೂತು, ನೀರು ಆರಿದರೂ ಕರಗದೆ ಉಳಿಯುತ್ತಿತ್ತು. ಅಜ್ಜಿಯ ದಾರಿ ಬೇರೆ. ಡಬ್ಬದಲ್ಲಿನ ಎಣ್ಣೆ ಗಟ್ಟಿಯಾದರೆ ಕಬ್ಬಿಣದ ಸೌಟಿನ ಹಿಡಿಯನ್ನು ಕೆಂಡಕ್ಕೆ ಹಿಡಿದು ನೇರ ಗಡ್ಡೆಯ ನಡುವಿಗೆ ಚುಚ್ಚುತ್ತಿದ್ದಳು. ಎರಡು ನಿಮಿಷದಲ್ಲಿ ತಲೆಗೆ ಹಚ್ಚುವಷ್ಟು ಎಣ್ಣೆ ಸಿದ್ಧ.

ಶಾಖವನ್ನು ಕೂಡಿಟ್ಟು ಬೇಕಾದಾಗ ಬಳಸುವ ವಿಜ್ಞಾನದಲ್ಲಿ ಹಲವು ದಶಕಗಳಿಂದ ನಡೆದಿರುವ ದೊಡ್ಡ ಜಗಳ ಹೆಚ್ಚುಕಡಿಮೆ ಇದೇ. ಕರಗುವಾಗ ಬಿಸಿ ನುಂಗಿ, ಗಟ್ಟಿಯಾಗುವಾಗ ಅದನ್ನು ಬಿಟ್ಟುಕೊಡುವ ವಸ್ತುಗಳಿಗೆ ಪ್ರಾವಸ್ಥೆ ಬದಲಾವಣೆಯ ವಸ್ತುಗಳು ಎನ್ನುತ್ತಾರೆ, ಬಳಕೆಯಲ್ಲಿ ಪಿಸಿಎಂ. ಮೇಣ, ಕೊಬ್ಬಿನಾಮ್ಲಗಳು, ಕೆಲವು ಲವಣಗಳು, ಮಂಜುಗಡ್ಡೆ, ನಮ್ಮ ಕೊಬ್ಬರಿ ಎಣ್ಣೆ ಎಲ್ಲವೂ ಈ ಜಾತಿಯವೇ. ಮೇಣ ಮತ್ತು ಎಣ್ಣೆ ಬಿಸಿಯನ್ನು ಹಿಡಿದಿಡುವುದರಲ್ಲಿ ಗಟ್ಟಿಗರು, ಒಳಕ್ಕೆ ಬಿಟ್ಟುಕೊಳ್ಳುವುದರಲ್ಲಿ ಸೋಮಾರಿಗಳು. ಈ ಸೋಮಾರಿತನ ಬಿಡಿಸಲು ಅವುಗಳಿಗೆ ಲೋಹ, ಗ್ರಾಫೈಟ್, ಇದ್ದಿಲು, ನ್ಯಾನೊ ಪುಡಿ ಬೆರೆಸಿ ನೋಡಿದ್ದಾರೆ. ಯಾವುದು ನಿಜಕ್ಕೂ ಕೆಲಸ ಮಾಡುತ್ತದೆ ಎನ್ನುವುದು ಪ್ರಶ್ನೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯವರಿಗೆ ಇದರಲ್ಲಿ ಎರಡು ಬಗೆಯ ಪಾಲಿದೆ: ಕರಗುವ ಎಣ್ಣೆಯೂ ನಮ್ಮದೇ, ಅದಕ್ಕೆ ಬೆರೆಸಿ ಎಂದು ಹೇಳುವ ಕರಟದ ಇದ್ದಿಲೂ ನಮ್ಮದೇ.

ಕಾಣದೆ ಕೂತ ಬಿಸಿ

ಮಂಜುಗಡ್ಡೆ ಕರಗುವಷ್ಟು ಹೊತ್ತೂ ಅದಕ್ಕೆ ಬಿಸಿ ಹೋಗುತ್ತಲೇ ಇರುತ್ತದೆ, ಆದರೆ ಉಷ್ಣಮಾಪಕದ ಗೆರೆ ಏರುವುದಿಲ್ಲ. ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ 1760ರ ದಶಕದಲ್ಲಿ ಇದನ್ನು ಅಳೆದು ತೋರಿಸಿದ. ಅದೇ ಗುಪ್ತೋಷ್ಣ. ಒಂದು ಕಿಲೋ ಮಂಜುಗಡ್ಡೆ ಕರಗಲು 334 ಕಿಲೋಜೂಲ್ ಬೇಕು, ಒಂದು ಕಿಲೋ ಮೇಣಕ್ಕೆ ಸುಮಾರು 200, ಕೊಬ್ಬರಿ ಎಣ್ಣೆಗೆ ಸುಮಾರು 100. ಪೋಲಿಯೊ ಹನಿಯ ಡಬ್ಬಿಯನ್ನು ಹೆಗಲಿಗೆ ಹಾಕಿಕೊಂಡು ಬಿಸಿಲಲ್ಲಿ ಮನೆಮನೆ ಸುತ್ತುವ ಆಶಾ ಕಾರ್ಯಕರ್ತೆಯ ನೆಚ್ಚಿಕೆಯೂ ಈ ಗುಪ್ತೋಷ್ಣವೇ; ಡಬ್ಬಿಯೊಳಗಿನ ಐಸ್ ಪ್ಯಾಕ್ ಕರಗಿ ಮುಗಿಯುವವರೆಗೆ ಲಸಿಕೆ ಕೆಡುವುದಿಲ್ಲ.

ಇದನ್ನು ಮನೆ ಬೆಚ್ಚಗಿಡಲು ಬಳಸಿದ ಮೊದಲ ದೊಡ್ಡ ಪ್ರಯತ್ನ ಅಮೆರಿಕದ ಡೋವರ್‌ನಲ್ಲಿ 1948ರಲ್ಲಿ ನಡೆಯಿತು. ಮಾರಿಯಾ ಟೆಲ್ಕೆಸ್ ಎಂಬ ವಿಜ್ಞಾನಿ ಗ್ಲಾಬರ್ ಲವಣವನ್ನು ಡ್ರಮ್ಮುಗಳಲ್ಲಿ ತುಂಬಿಸಿ, ಹಗಲಿನ ಬಿಸಿಲನ್ನು ರಾತ್ರಿಗೆ ಉಳಿಸಿದರು. ಈ ಲವಣ 32 ಡಿಗ್ರಿಯಲ್ಲಿ ಕರಗುತ್ತದೆ. ಮೊದಮೊದಲು ಮನೆ ಬೆಚ್ಚಗೇ ಇತ್ತು. ಕೆಲವು ಚಳಿಗಾಲ ಕಳೆಯುವಷ್ಟರಲ್ಲಿ ಲವಣ ಪದರಪದರವಾಗಿ ಬೇರ್ಪಟ್ಟು ಕೈಕೊಟ್ಟಿತು. ಲವಣದ ಮೇಲಿನ ನಂಬಿಕೆ ಕುಗ್ಗಿದಂತೆ ಮೇಣ ಮತ್ತು ಕೊಬ್ಬಿನಾಮ್ಲಗಳತ್ತ ಕಣ್ಣು ಹೊರಳಿತು. ಇವು ಬೇರ್ಪಡುವುದಿಲ್ಲ, ತುಕ್ಕು ಹಿಡಿಸುವುದೂ ಕಡಿಮೆ. 1971ರಲ್ಲಿ ಅಪೊಲೊ 15ರ ಗಗನಯಾತ್ರಿಗಳು ಚಂದ್ರನ ಮೇಲೆ ಓಡಿಸಿದ ಬಂಡಿಯ ಉಪಕರಣಗಳ ಬಿಸಿ ಹೀರಲು ಮೇಣದ ಪೆಟ್ಟಿಗೆಗಳಿದ್ದವು. 1973ರ ತೈಲ ಬಿಕ್ಕಟ್ಟಿನ ನಂತರ ಈ ಸಂಶೋಧನೆಗೆ ಹಣವೂ ಹರಿಯಿತು.

ಲವಣದ ಕಾಟ ತಪ್ಪಿತು, ಮೇಣದ ಕಾಟ ಶುರುವಾಯಿತು.

ಒಂದು ಸೆಂಟಿಮೀಟರಿಗೆ ಮುಕ್ಕಾಲು ಗಂಟೆ

ಉಷ್ಣವಾಹಕತೆಯನ್ನು ಮೀಟರ್ ಮತ್ತು ಡಿಗ್ರಿಗೆ ಇಷ್ಟು ವ್ಯಾಟ್ ಎಂದು ಅಳೆಯುತ್ತಾರೆ. ತಾಮ್ರದ್ದು ಸುಮಾರು 400, ಅಲ್ಯೂಮಿನಿಯಂದು 200ರ ಮೇಲೆ, ಮಂಜುಗಡ್ಡೆಯದು 2ರ ಆಸುಪಾಸು. ಮೇಣ ಮತ್ತು ಕೊಬ್ಬರಿ ಎಣ್ಣೆಯದು 0.2ರ ಹತ್ತಿರ. ತಾಮ್ರದ ಎರಡು ಸಾವಿರದಲ್ಲಿ ಒಂದು ಪಾಲು!

ಆಸ್ಟ್ರಿಯಾದ ಜೋಸೆಫ್ ಸ್ಟೀಫನ್ 1880ರ ದಶಕದ ಕೊನೆಯಲ್ಲಿ ಧ್ರುವ ಸಮುದ್ರದ ಮಂಜು ಎಷ್ಟು ದಿನಕ್ಕೆ ಎಷ್ಟು ದಪ್ಪವಾಗುತ್ತದೆ ಎಂದು ಲೆಕ್ಕ ಹಾಕಿದ. ಬಿಸಿ ಆಗಲೇ ಮೂಡಿರುವ ಪದರವನ್ನು ದಾಟಿ ಸಾಗಬೇಕಾದ್ದರಿಂದ, ದಪ್ಪ ಎರಡರಷ್ಟಾದರೆ ಹಿಡಿಯುವ ಕಾಲ ನಾಲ್ಕರಷ್ಟಾಗುತ್ತದೆ. ಇದನ್ನು ನಮ್ಮ ಎಣ್ಣೆಗೆ ಹಾಕಿ ನೋಡಿ. ಕರಗುವ ಬಿಂದುವಿಗಿಂತ 10 ಡಿಗ್ರಿ ಹೆಚ್ಚು ಬಿಸಿಯಿರುವ ತಟ್ಟೆಯ ಮೇಲೆ ಒಂದು ಸೆಂಟಿಮೀಟರ್ ದಪ್ಪದ ಕೊಬ್ಬರಿ ಎಣ್ಣೆ ವಹನದಿಂದ ಮಾತ್ರ ಕರಗಬೇಕೆಂದರೆ ಸುಮಾರು ಮುಕ್ಕಾಲು ಗಂಟೆ. ದಪ್ಪ ಐದು ಸೆಂಟಿಮೀಟರಾದರೆ ಐದು ಪಟ್ಟಲ್ಲ, ಇಪ್ಪತ್ತೈದು ಪಟ್ಟು: ಸುಮಾರು 20 ಗಂಟೆ. ಹಗಲು ಎಂಟು ಗಂಟೆ ಸಿಗುವ ಬಿಸಿಲನ್ನು ತುಂಬಿಸಿಕೊಳ್ಳಲು 20 ಗಂಟೆ ಕೇಳುವ ಡಬ್ಬದಿಂದ ಏನು ಪ್ರಯೋಜನ?

ನಿಜದಲ್ಲಿ ಕರಗಿದ ಎಣ್ಣೆ ಸುಮ್ಮನಿರದೆ ಸುತ್ತಾಡುತ್ತದೆ, ಬಿಸಿಯನ್ನು ಹೊತ್ತು ಒಯ್ಯುತ್ತದೆ. ಹಾಗಾಗಿ ಕರಗುವುದು ಈ ಲೆಕ್ಕಕ್ಕಿಂತ ಬೇಗ. ಗಟ್ಟಿಯಾಗುವಾಗ ಆ ಸಹಾಯ ಇಲ್ಲ. ತಣ್ಣನೆಯ ಗೋಡೆಗೆ ಗಟ್ಟಿ ಪದರ ಮೆತ್ತಿಕೊಂಡು, ತಾನೇ ಒಳಗಿನ ಬಿಸಿಗೆ ಅಡ್ಡ ನಿಲ್ಲುತ್ತದೆ. ತುಂಬುವಾಗ ಸಲೀಸು, ತೆಗೆಯುವಾಗ ಕಷ್ಟ. ಪ್ರಯೋಗಗಳ ವರದಿ ಓದುವಾಗ ಇವೆರಡರಲ್ಲಿ ಯಾವುದನ್ನು ಅಳೆದಿದ್ದಾರೆ ಎಂದು ಮೊದಲು ನೋಡಬೇಕು. ಬಹಳ ಸಲ ಸಲೀಸಾದುದನ್ನೇ ಅಳೆದಿರುತ್ತಾರೆ.

ಸೌಟಿನ ಪಂಥ

ಅಜ್ಜಿಯ ಪಂಥ ಎಲ್ಲಕ್ಕಿಂತ ಹಳೆಯದು: ಎಣ್ಣೆಯೊಳಗೆ ಲೋಹದ ರೆಕ್ಕೆ, ಕಡ್ಡಿ, ಜಾಲರಿ ಅಥವಾ ಸ್ಪಂಜಿನಂಥ ಲೋಹದ ನೊರೆ ಇಡುವುದು. ಬಿಸಿ ಲೋಹದ ಗುಂಟ ಓಡಿ, ಅಲ್ಲಲ್ಲೇ ಪಕ್ಕದ ಎಣ್ಣೆಗೆ ಇಳಿಯುತ್ತದೆ.

ಎಷ್ಟು ಲೋಹ ಸಾಕು? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಸ್.ಕೆ. ಸಹಾ, ಕೆ. ಶ್ರೀನಿವಾಸನ್ ಮತ್ತು ಪ್ರದೀಪ್ ದತ್ತ 2008ರಲ್ಲಿ ಪ್ರಕಟಿಸಿದ ಕೆಲಸ ಇಲ್ಲಿ ನೆನೆಯಬೇಕಾದದ್ದು. 42 ಮಿಲಿಮೀಟರ್ ಚದರದ ತಳ, ಅದರ ಮೇಲೆ 25 ಮಿಲಿಮೀಟರ್ ಎತ್ತರದ ಅಲ್ಯೂಮಿನಿಯಂ ಕಡ್ಡಿ-ತಗಡುಗಳು, ನಡುವೆ ಐಕೋಸೇನ್ ಎಂಬ ಮೇಣ. ಲೋಹದ ಪಾಲನ್ನು ಬದಲಿಸುತ್ತ ಹೋದಾಗ 8 ಶೇಕಡಾ ಇದ್ದದ್ದು ಎಲ್ಲಕ್ಕಿಂತ ಚೆನ್ನಾಗಿ ನಡೆಯಿತು. ಕೆಲವೇ ದಪ್ಪ ಕಡ್ಡಿಗಳಿಗಿಂತ ಹೆಚ್ಚು ಸಣ್ಣ ಕಡ್ಡಿಗಳು ಮೇಲು ಎಂದೂ ಕಂಡಿತು. ಲೋಹ ಮಿತಿ ಮೀರಿದರೆ ಕರಗುವ ಮೇಣಕ್ಕೇ ಜಾಗ ಉಳಿಯುವುದಿಲ್ಲ, ಕರಗಿದ್ದು ಸುತ್ತಾಡಲೂ ಎಡೆಯಿರುವುದಿಲ್ಲ. ಅವರು ನೋಡಿದ್ದು ಎಲೆಕ್ಟ್ರಾನಿಕ್ ಚಿಪ್ಪಿನ ತಂಪಿಗಾಗಿ. ಆ 8ನ್ನು ದೊಡ್ಡ ಟ್ಯಾಂಕಿಗೆ ಹಾಗೇ ಎತ್ತಿಕೊಳ್ಳಲಾಗದು. ಆದರೆ ಇದಕ್ಕೊಂದು ಹದವಿದೆ ಎಂಬ ಮಾತು ಎಲ್ಲೆಡೆ ನಿಲ್ಲುತ್ತದೆ.

ಈ ಪಂಥದ ಕಷ್ಟ ತೂಕ ಮತ್ತು ದುಡ್ಡು. ಲೋಹದ ನೊರೆಯಂತೂ ದುಬಾರಿ ಸಾಮಾನು.

ಪುಡಿಯ ಪಂಥ

1995ರಲ್ಲಿ ಅಮೆರಿಕದ ಆರ್ಗಾನ್ ಪ್ರಯೋಗಾಲಯದ ಸ್ಟೀಫನ್ ಚೋಯ್ ದ್ರವದಲ್ಲಿ ನ್ಯಾನೊ ಕಣ ತೇಲಿಬಿಟ್ಟರೆ ಬಿಸಿ ಬೇಗ ಸಾಗುತ್ತದೆ ಎಂದು ಹೇಳಿ ಅದಕ್ಕೆ ನ್ಯಾನೊಫ್ಲೂಯಿಡ್ ಎಂದು ಹೆಸರಿಟ್ಟರು. 2001ರಲ್ಲಿ ಅವರ ತಂಡ ಶೇಕಡಾ ಒಂದಕ್ಕಿಂತ ಕಡಿಮೆ ತಾಮ್ರದ ಕಣದಿಂದ ವಾಹಕತೆ 40 ಶೇಕಡಾ ಏರಿತೆಂದು ಪ್ರಕಟಿಸಿತು. ಹಳೆಯ ಸಿದ್ಧಾಂತದ ಪ್ರಕಾರ ಇದು ಆಗುವ ಮಾತಲ್ಲ, ಹಾಗಾಗಿಯೇ ಗುಲ್ಲೆದ್ದಿತು. 2007ರಲ್ಲಿ ಖೊದಾದಾದಿ ಮತ್ತು ಹುಸೇನಿಜಾದೆ ಅದೇ ಯೋಚನೆಯನ್ನು ಕರಗುವ ವಸ್ತುಗಳಿಗೆ ಅನ್ವಯಿಸಿದರು. ಆಮೇಲೆ ಬಂದ ಪ್ರಬಂಧಗಳಿಗೆ ಲೆಕ್ಕವಿಲ್ಲ. ಪುಡಿ ಬೆರೆಸುವುದು ಸುಲಭ, ಅಳೆಯುವುದು ಸುಲಭ, ಪ್ರಕಟಿಸುವುದು ಇನ್ನೂ ಸುಲಭ.

ಹಳೆಯ ಸಿದ್ಧಾಂತ ಮ್ಯಾಕ್ಸ್‌ವೆಲ್‌ನದು, 1873ರದು. ಅದನ್ನು ಹಿಡಿದರೆ, ಶೇಕಡಾ 5ರಷ್ಟು ಗಾತ್ರದ ಗುಂಡು ಕಣ ಬೆರೆಸಿದಾಗ ಕಣ ಎಂಥ ಒಳ್ಳೆಯ ವಾಹಕವಾದರೂ ವಾಹಕತೆ ಏರುವುದು ಸುಮಾರು 16 ಶೇಕಡಾ. ಅಷ್ಟೇ ಅಲ್ಯೂಮಿನಿಯಂ ಅನ್ನು ಪುಡಿ ಮಾಡದೆ ಈ ಗೋಡೆಯಿಂದ ಆ ಗೋಡೆಗೆ ಮುಟ್ಟುವ ತಗಡುಗಳಾಗಿ ಇಟ್ಟರೆ, ಆ ದಿಕ್ಕಿನ ವಾಹಕತೆ ಐವತ್ತು ಪಟ್ಟಿನಷ್ಟಾಗುತ್ತದೆ. ಅದೇ ಲೋಹ, ಅಷ್ಟೇ ಲೋಹ! ತೋಟದಲ್ಲಿ ಅಲ್ಲೊಂದು ಇಲ್ಲೊಂದು ಗುಂಡಿ ತೋಡಿ ನೀರು ತುಂಬಿಸಿದರೆ ತುದಿಯ ಮರಕ್ಕೆ ನೀರು ಹೋದೀತೆ? ಅಷ್ಟೇ ಅಗೆತದಲ್ಲಿ ಒಂದು ಕಾಲುವೆ ತೆಗೆದರೆ ಹೋಗುತ್ತದೆ. ಹೇಮಾವತಿ ನಾಲೆ ನೋಡಿದ ಸೀಮೆಯವರಿಗೆ ಇದನ್ನು ಹೆಚ್ಚು ಬಿಡಿಸಬೇಕಿಲ್ಲ.

2009ರಲ್ಲಿ ಜಗತ್ತಿನ ಮೂವತ್ತಕ್ಕೂ ಹೆಚ್ಚು ಸಂಸ್ಥೆಗಳು ಒಂದೇ ನ್ಯಾನೊಫ್ಲೂಯಿಡ್ ಮಾದರಿಗಳನ್ನು ಹಂಚಿಕೊಂಡು ತಮ್ಮತಮ್ಮ ಪ್ರಯೋಗಾಲಯದಲ್ಲಿ ಅಳೆದವು. ಆ ಮಾದರಿಗಳಲ್ಲಿ ಪವಾಡವೇನೂ ಕಾಣಲಿಲ್ಲ. ಫಲಿತಾಂಶ ಮ್ಯಾಕ್ಸ್‌ವೆಲ್ ಸಾಲಿನ ಸಿದ್ಧಾಂತಕ್ಕೆ ಹೊಂದಿಕೊಂಡಿತು. ಅಷ್ಟಾದರೂ ಪುಡಿಯ ಪ್ರಬಂಧಗಳು ನಿಂತಿಲ್ಲ. ಪುಡಿ ಸೇರಿದರೆ ಕರಗಿದ ಎಣ್ಣೆ ಮಂದವಾಗಿ ಅದರ ಸುತ್ತಾಟ ಕುಂದುತ್ತದೆ. ವಹನದಲ್ಲಿ ಗಳಿಸಿದ್ದನ್ನು ಅಲ್ಲಿ ಕಳೆದುಕೊಂಡಂತೆ. ಹತ್ತಾರು ಸಲ ಕರಗಿ ಗಟ್ಟಿಯಾದ ಮೇಲೆ ಪುಡಿ ತಳಕ್ಕಿಳಿಯುವುದೂ ಉಂಟು. ತೂಕದ ಲೆಕ್ಕವಂತೂ ಇನ್ನೂ ಕಹಿ: ಗಾತ್ರದಲ್ಲಿ ಶೇಕಡಾ 5ರಷ್ಟು ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್) ಪುಡಿ ತೂಕದಲ್ಲಿ ಸುಮಾರು 18 ಶೇಕಡಾ ಆಗುತ್ತದೆ. ಕಿಲೋಗೆ ಹಿಡಿಯುವ ಬಿಸಿಯಲ್ಲಿ ಅಷ್ಟು ಪಾಲು ಹೋಯಿತು ಎಂದೇ ಅರ್ಥ.

ಕಣ ಉದ್ದನೆಯ ಎಳೆಯಾಗಿದ್ದರೆ ಅಥವಾ ಹಾಳೆಯಾಗಿದ್ದರೆ? ಇಂಗಾಲದ ನ್ಯಾನೊ ನಳಿಕೆ, ಗ್ರಾಫೀನ್ ಹಾಳೆ ಒಂದಕ್ಕೊಂದು ತಾಗಿ ಜಾಲವಾದರೆ ಮ್ಯಾಕ್ಸ್‌ವೆಲ್‌ನ ಗಡಿ ದಾಟಬಹುದು, ದಾಟಿದೆ ಕೂಡ. ಆದರೆ ಎರಡು ಹಾಳೆ ತಾಗುವ ಕಡೆ ಬಿಸಿ ತಡೆಯುತ್ತದೆ. ರಷ್ಯಾದ ಪ್ಯೋತ್ರ್ ಕಪಿತ್ಸಾ 1941ರಲ್ಲಿ ದ್ರವ ಹೀಲಿಯಂನಲ್ಲಿ ಕಂಡ ತಡೆಯ ಜಾತಿಯದೇ ಇದು. ಒಂಟಿ ಗ್ರಾಫೀನ್ ಹಾಳೆಯ ವಾಹಕತೆ ಸಾವಿರಗಳಲ್ಲಿದ್ದರೂ ಅದನ್ನು ಬೆರೆಸಿದ ಮೇಣದ್ದು ಹಾಗೆ ಏರದಿರಲು ಈ ಸಂದುಗಳೇ ಕಾರಣ.

ಅರಳಿದ ಗ್ರಾಫೈಟ್

ನನ್ನ ಲೆಕ್ಕದಲ್ಲಿ ಈವರೆಗೆ ಗೆದ್ದಿರುವುದು ಇದು. ಗ್ರಾಫೈಟ್ ಚಕ್ಕೆಯ ಪದರಗಳ ನಡುವೆ ಆಮ್ಲ ಸೇರಿಸಿ ಒಮ್ಮೆಲೇ ಕಾಯಿಸಿದರೆ ಅದು ಜೋಳ ಅರಳಿದಂತೆ ಅರಳಿ ನೂರಾರು ಪಟ್ಟು ಉಬ್ಬುತ್ತದೆ. ಹುಳುವಿನಂತೆ ಕಾಣುವ ಈ ಅರಳನ್ನು ಒತ್ತಿ ಹಲಗೆ ಮಾಡಿ, ಕರಗಿದ ಮೇಣದಲ್ಲಿ ಅದ್ದಿದರೆ ಮೇಣವನ್ನು ತಾನೇ ಹೀರಿಕೊಳ್ಳುತ್ತದೆ. ಫ್ರಾನ್ಸಿನ ಪೈ, ಒಲಿವೆ ಮತ್ತು ಮೊರಾ 2001ರಲ್ಲಿ ಇದನ್ನು ಮಾಡಿ ತೋರಿಸಿದರು: ಬರಿ ಮೇಣದಲ್ಲಿ 0.24 ಇದ್ದ ವಾಹಕತೆ, ಹಲಗೆಯ ಒತ್ತಡಕ್ಕೆ ತಕ್ಕಂತೆ 4ರಿಂದ 70ರವರೆಗೆ ಏರಿತು. ಇಲ್ಲಿ ಇಂಗಾಲ ಪುಡಿಯಾಗಿಲ್ಲ, ಮೊದಲೇ ಜಾಲವಾಗಿದೆ. ಕರಗಿದ ಮೇಣ ರಂಧ್ರಗಳಲ್ಲೇ ಹಿಡಿದು ನಿಲ್ಲುವುದರಿಂದ ಸೋರುವ ಕಾಟವೂ ಕಡಿಮೆ.

ಕೊಬ್ಬರಿ ಎಣ್ಣೆಗೂ ಗ್ರಾಫೈಟ್ ಸೇರಿದೆ. ದಕ್ಷಿಣ ಕೊರಿಯಾದ ಸಂಶೋಧಕರು 2015ರ ಹೊತ್ತಿಗೆ ಅದನ್ನು ಗ್ರಾಫೈಟ್ ಹಾಳೆಚೂರುಗಳಿಗೆ ಕುಡಿಸಿ, ಕಟ್ಟಡದ ಗೋಡೆಗೆ ಬಳಸುವ ದೃಷ್ಟಿಯಿಂದ ಪರೀಕ್ಷಿಸಿದರು. ನಮ್ಮ ಮನೆಯ ಎಣ್ಣೆ ಅಲ್ಲಿ ಗೋಡೆಗೆ ಹೋಯಿತು.

ಗ್ರಾಫೈಟ್ ಹಲಗೆಗೂ ಒಂದು ಕೊರತೆ ಇದೆ. ಒತ್ತಿದಾಗ ಪದರಗಳು ಒಂದೇ ಕಡೆ ಮಲಗುವುದರಿಂದ ಬಿಸಿ ಒಂದು ದಿಕ್ಕಿನಲ್ಲಿ ಓಡುತ್ತದೆ, ಇನ್ನೊಂದರಲ್ಲಿ ತೆವಳುತ್ತದೆ. 70 ಎಂದು ಓದಿದರೆ ಯಾವ ದಿಕ್ಕಿನದು ಎಂದು ಕೇಳಬೇಕು.

ಕರಟದ ಇದ್ದಿಲಿನ ಆಸೆ

ಇನ್ನು ನಮ್ಮ ವಿಷಯ. ಕರಟ ಸುಟ್ಟು ಮಾಡಿದ ಇದ್ದಿಲಿನಲ್ಲಿ ಕಣ್ಣಿಗೆ ಕಾಣದ ಕೋಟ್ಯಂತರ ರಂಧ್ರಗಳಿರುತ್ತವೆ. ಮೊದಲ ಮಹಾಯುದ್ಧದಲ್ಲಿ ವಿಷಾನಿಲದ ಮುಖವಾಡಗಳಿಗೆ ಇದನ್ನು ತುಂಬಿದ್ದು ಅದಕ್ಕೇ. ಎಣ್ಣೆಯನ್ನೂ ಹೀರಿ ಹಿಡಿಯುತ್ತದೆ. ಕರಟದ ಇದ್ದಿಲಿಗೆ ಮೇಣ ಕುಡಿಸಿದ ಪ್ರಬಂಧಗಳು ಬರುತ್ತಲೇ ಇವೆ. ಇಂಗಾಲ ಅಂದಮೇಲೆ ಗ್ರಾಫೈಟಿನಂತೆ ಬಿಸಿ ಸಾಗಿಸೀತು ಎಂದು ಓದುಗ ಅಂದುಕೊಂಡರೆ ತಪ್ಪಲ್ಲ; ಹಾಗೆ ಅಂದುಕೊಳ್ಳಲು ಬಿಡುವ ಬರಹಗಾರರದು ತಪ್ಪು.

ಡಿಎನ್ಎ ರಚನೆಯ ಕತೆಯಲ್ಲಿ ಹೆಸರಾದ ರೊಸಾಲಿಂಡ್ ಫ್ರಾಂಕ್ಲಿನ್ ಅದಕ್ಕೂ ಮೊದಲು ಕಲ್ಲಿದ್ದಲು, ಇದ್ದಿಲುಗಳ ಮೇಲೆ ಕೆಲಸ ಮಾಡಿದವರು. ಕಾಯಿಸಿದರೆ ಗ್ರಾಫೈಟ್ ಆಗುವ ಇಂಗಾಲ ಒಂದು ಬಗೆ, ಎಷ್ಟು ಕಾಯಿಸಿದರೂ ಆಗದ ಇಂಗಾಲ ಇನ್ನೊಂದು ಬಗೆ ಎಂದು 1951ರಲ್ಲಿ ಅವರು ವಿಂಗಡಿಸಿದರು. ಕರಟದ ಇದ್ದಿಲು ಎರಡನೆಯ ಬಗೆಯದು. ಅದರೊಳಗಿನ ಪದರಗಳು ಮುದುಡಿ ಸಿಕ್ಕುಸಿಕ್ಕಾಗಿರುವುದರಿಂದಲೇ ಅದಕ್ಕೆ ರಂಧ್ರಗಳ ಸಂಪತ್ತು, ಅದೇ ಕಾರಣಕ್ಕೆ ಬಿಸಿ ಸಾಗಿಸುವ ಬಡತನ. ಒಂದು ಗುಣ ಬೇಕೆಂದರೆ ಇನ್ನೊಂದನ್ನು ಬಿಡಲೇಬೇಕು. ಸಣ್ಣ ರಂಧ್ರದಲ್ಲಿ ಸಿಕ್ಕ ಎಣ್ಣೆ ಸರಿಯಾಗಿ ಹರಳುಗಟ್ಟದೆ ಗುಪ್ತೋಷ್ಣದಲ್ಲೂ ಕಡಿತವಾಗುತ್ತದೆ. ಕರಟದ ಇದ್ದಿಲು ಎಣ್ಣೆಗೆ ಒಳ್ಳೆಯ ಪಾತ್ರೆ, ಸೌಟಲ್ಲ.

ಡಬ್ಬವನ್ನೇ ಬದಲಿಸುವವರು

ಬೆರೆಸುವ ಗೋಜೇ ಬೇಡ ಎನ್ನುವ ಪಂಥವೂ ಇದೆ. ಐದು ಸೆಂಟಿಮೀಟರ್ ದಪ್ಪದ ಗಡ್ಡೆಯ ಬದಲು ಒಂದೊಂದು ಸೆಂಟಿಮೀಟರಿನ ಐದು ತಟ್ಟೆ ಮಾಡಿ, ನಡುವೆ ಬಿಸಿಗಾಳಿ ಬಿಟ್ಟರೆ ಸಿಗುವ ಲಾಭ ವಾಹಕತೆಯನ್ನು ಇಪ್ಪತ್ತೈದು ಪಟ್ಟು ಏರಿಸಿದಷ್ಟೇ. ಹಾಗಾಗಿ ತೆಳು ಚೀಲ, ಸಣ್ಣ ಗುಂಡು, ಕಿರಿದಾದ ಕೊಳವೆ. ಕೊನೆಗೆ ಗಾಳಿಯೇ ಬಿಸಿ ತರಲು ಹೆಣಗುತ್ತಿದ್ದರೆ ಎಣ್ಣೆಯೊಳಗೆ ತಾಮ್ರವಿಟ್ಟೂ ಲಾಭವಿಲ್ಲ ಎಂಬುದನ್ನು ಇವರೇ ನೆನಪಿಸುತ್ತಾರೆ.

2022ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ತಂಡ ಇನ್ನೊಂದು ಹೆಜ್ಜೆ ಹಾಕಿತು. ಗಟ್ಟಿ ವಸ್ತುವನ್ನು ಬಿಸಿ ಗೋಡೆಗೆ ಒತ್ತಿ ಹಿಡಿದರೆ, ಕರಗಿದ್ದು ಪಕ್ಕಕ್ಕೆ ಸರಿದು, ನಡುವೆ ಯಾವಾಗಲೂ ತೆಳು ಪದರ ಮಾತ್ರ ಉಳಿಯುತ್ತದೆ. ಪದರ ದಪ್ಪವಾಗದಿದ್ದರೆ ಸ್ಟೀಫನ್ನನ ಲೆಕ್ಕದ ಕಾಟವೂ ಇಲ್ಲ. ನನ್ನ ಬಾಟಲಿಯ ಗಡ್ಡೆ ಜಾರಿ ತಳಕ್ಕೆ ಕೂತಾಗ ಸುಮ್ಮನೆ ಕೂತಿರಲಿಲ್ಲ; ಚೊಂಬಿನ ನೀರು ಬಿಸಿಯಾಗಿದ್ದಷ್ಟು ಹೊತ್ತು ತಳಕ್ಕೆ ತಾಗಿದ ಕಡೆ ಎಲ್ಲಕ್ಕಿಂತ ಬೇಗ ಕರಗುತ್ತಿತ್ತು. ಆಗ ಗಮನಿಸಲಿಲ್ಲ.

ಅಟ್ಟಕ್ಕೆ ಇದರಿಂದ ಏನು?

ನಮ್ಮ ಸೀಮೆಯ ಉಂಡೆ ಕೊಬ್ಬರಿಗೆ ಅವಸರವೇ ಆಗದು. ಬಲಿತ ಕಾಯಿ ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ಕೂರಬೇಕು. ಮಟ್ಟೆಯೇ ಬಿಸಿ ಬೇಗ ಒಳಹೋಗದಂತೆ ತಡೆಯುವ ಹೊದಿಕೆ. ಅಲ್ಲಾಡಿಸಿದರೆ ಒಳಗಿನ ಉಂಡೆ ಗಡಗಡ ಅನ್ನುವವರೆಗೂ ಕಾಯುತ್ತಾರೆ. ಅಟ್ಟಕ್ಕೆ ಪಿಸಿಎಂ ಬೇಕಿಲ್ಲ.

ಬೇಕಿರುವುದು ಒಡೆದ ಕಾಯಿ ಒಣಗಿಸುವವರಿಗೆ. ಅರ್ಧದಷ್ಟು ನೀರಿರುವ ತಿರುಳನ್ನು ಶೇಕಡಾ 6ರ ತೇವಕ್ಕೆ ತರಬೇಕು. ರಾತ್ರಿ ಒಣಗುವುದು ನಿಂತರೆ ಬೂಷ್ಟು ಹಿಡಿಯುತ್ತದೆ. ಕರಟ ಉರಿಸಿ ಒಣಗಿಸುವ ಗೂಡುಗಳನ್ನು ಕಾಸರಗೋಡಿನ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ ರೂಪಿಸಿದೆ. ಬಿಸಿಲಿನ ಪೆಟ್ಟಿಗೆಯಲ್ಲಿ ಮೇಣವಿಟ್ಟು ಹಗಲಿನ ಬಿಸಿಯನ್ನು ರಾತ್ರಿಗೆ ಉಳಿಸುವುದು ಇನ್ನೊಂದು ದಾರಿ. ಇಲ್ಲಿ ಕೊಬ್ಬರಿ ಎಣ್ಣೆ ನಡೆಯದು. ಅದು 24 ಡಿಗ್ರಿಗೇ ಕರಗುತ್ತದೆ. ಅದರ ಅರ್ಧದಷ್ಟಿರುವ ಲಾರಿಕ್ ಆಮ್ಲ 44ಕ್ಕೆ, ಮಿರಿಸ್ಟಿಕ್ ಆಮ್ಲ 54ಕ್ಕೆ ಕರಗುತ್ತವೆ. ಇವು ಕೆಲಸಕ್ಕೆ ಹತ್ತಿರ. ಲೆಕ್ಕ ಮಾತ್ರ ನಿಷ್ಠುರ: ಒಂದು ಕಿಲೋ ನೀರು ಆವಿಯಾಗಲು ಸುಮಾರು 2,400 ಕಿಲೋಜೂಲ್ ಬೇಕು. ಏನೂ ಸೋರದೆ ಎಲ್ಲವೂ ನೀರಿಗೇ ಹೋದರೂ 12 ಕಿಲೋ ಮೇಣ ಗಟ್ಟಿಯಾಗಬೇಕು. ರಾತ್ರಿಯಿಡೀ ಒಣಗಿಸುವ ಆಸೆ ಬಿಟ್ಟು, ತಿರುಳು ತಣ್ಣಗಾಗಿ ಬೂಷ್ಟು ಹಿಡಿಯದಷ್ಟು ಬೆಚ್ಚಗಿಡುವುದಕ್ಕೆ ಇದನ್ನು ಬಳಸುವುದು ಜಾಣತನ.

ಮನೆಯ ಸೂರಿಗೆ ಕೊಬ್ಬರಿ ಎಣ್ಣೆ? ಏಪ್ರಿಲ್ ರಾತ್ರಿ ನಮ್ಮಲ್ಲಿ 24 ಡಿಗ್ರಿಗಿಂತ ತುಂಬ ಕೆಳಗೇನೂ ಇಳಿಯುವುದಿಲ್ಲ; ಹಗಲು ಕರಗಿದ್ದು ರಾತ್ರಿ ಗಟ್ಟಿಯಾಗಲು ಬಿಡುವೇ ಇಲ್ಲ. ಮರುದಿನ ಅದು ಬರಿ ಎಣ್ಣೆ. ಬೆಲೆಯೂ ನೋಡಬೇಕು: 2025ರ ಹಂಗಾಮಿಗೆ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 12,100 ರೂಪಾಯಿ ಇದ್ದರೆ, ಮಾರುಕಟ್ಟೆ ಆ ವರ್ಷ ಅದರ ಎರಡು ಪಟ್ಟನ್ನೂ ದಾಟಿತು. ತಿನ್ನುವ ಎಣ್ಣೆಯನ್ನು ಗೋಡೆಗೆ ಯಾರು ತುಂಬುತ್ತಾರೆ?

ತೀರ್ಮಾನವಾಗದೆ ಉಳಿದದ್ದು

ಅಳತೆಯೇ ಮೊದಲ ತಕರಾರು. ಒಂದೇ ಮಾದರಿಯನ್ನು ಬಿಸಿ ತಂತಿಯಿಂದ, ಬಿಸಿ ಬಿಲ್ಲೆಯಿಂದ, ಲೇಸರ್ ಮಿಂಚಿನಿಂದ ಅಳೆದರೆ ಬೇರೆಬೇರೆ ಅಂಕಿ ಬರುತ್ತದೆ. ಗುಪ್ತೋಷ್ಣವನ್ನು ಕೆಲವು ಮಿಲಿಗ್ರಾಂ ಚೂರಿನಲ್ಲಿ ಅಳೆದು ಕ್ವಿಂಟಲ್ ಟ್ಯಾಂಕಿಗೆ ಅನ್ವಯಿಸುತ್ತಾರೆ. ಸಾವಿರಾರು ಸಲ ಕರಗಿ ಗಟ್ಟಿಯಾದ ಮೇಲೆ ಜಾಲ ಉಳಿಯುತ್ತದೆಯೇ, ಎಣ್ಣೆ ಕೌಟು ಹಿಡಿಯುತ್ತದೆಯೇ ಎಂಬುದಕ್ಕೆ ಎಲ್ಲರೂ ಒಪ್ಪಿದ ಒಂದೇ ಪರೀಕ್ಷೆಯಿಲ್ಲ. ವಹನ ಏರಿಸಲು ಸುತ್ತಾಟವನ್ನು ಎಷ್ಟು ಬಲಿ ಕೊಡಬಹುದು, ಕಣಗಳ ಸಂದಿನಲ್ಲಿ ಬಿಸಿ ತಡೆಯುವುದನ್ನು ಹೇಗೆ ತಗ್ಗಿಸಬಹುದು ಎಂಬವೂ ಬಿಡಿಸದ ಗಂಟುಗಳು. ಯಾವ ಅಂಕಿಯಿಂದ ಒಂದನ್ನು ಇನ್ನೊಂದಕ್ಕಿಂತ ಮೇಲು ಎನ್ನಬೇಕು ಎಂಬಲ್ಲೇ ಒಮ್ಮತವಿಲ್ಲ. ಇಷ್ಟು ಬಿಸಿಯನ್ನು ಇಷ್ಟು ಹೊತ್ತಿನಲ್ಲಿ, ಇಷ್ಟು ತೂಕದಲ್ಲಿ, ಇಷ್ಟು ರೂಪಾಯಿಗೆ ಕೊಡುತ್ತದೆ ಎಂದು ನಾಲ್ಕನ್ನೂ ಒಟ್ಟಿಗೆ ಹೇಳುವ ಪ್ರಬಂಧ ವಿರಳ.

ಈ ಸೀಮೆಯ ಕಾಲೇಜುಗಳ ಹುಡುಗರು ಡಿಸೆಂಬರ್‌ನಲ್ಲಿ ಮೂರು ಒಂದೇ ಅಳತೆಯ ಸ್ಟೀಲ್ ಲೋಟ ತೆಗೆದುಕೊಳ್ಳಲಿ. ಒಂದರಲ್ಲಿ ಬರಿ ಕೊಬ್ಬರಿ ಎಣ್ಣೆ, ಒಂದರಲ್ಲಿ ಕರಟದ ಇದ್ದಿಲು ಪುಡಿ ಬೆರೆತದ್ದು, ಇನ್ನೊಂದರಲ್ಲಿ ಗೋಡೆಯಿಂದ ಗೋಡೆಗೆ ಮುಟ್ಟುವ ಅಲ್ಯೂಮಿನಿಯಂ ಪಟ್ಟಿಗಳು. ನಡುವಿಗೊಂದು ಉಷ್ಣಮಾಪಕ. ಕರಗುವ ಹೊತ್ತನ್ನೂ ಗಟ್ಟಿಯಾಗುವ ಹೊತ್ತನ್ನೂ ಬೇರೆಬೇರೆ ಬರೆದಿಡಲಿ. ಎಣ್ಣೆಯನ್ನು ತೂಗಿ ಹಾಕುವುದನ್ನು ಮರೆಯಬೇಡಿ.